ಸ್ಪೇನಿನ ಹಳೇ ಸ್ಕೂಟರು ನಮಗೆ ಹೇಳುವುದೇನು?

ಯಂತ್ರ ಕೊಳ್ಳಲು ಹೋದ ರೈತ ಮೊದಲು ರೇಟು ಕೇಳ್ತಾನೆ. ಆಮೇಲೆ ಸಬ್ಸಿಡಿ ಎಷ್ಟು ಅಂತ ಕೇಳ್ತಾನೆ, ಕೊನೆಗೆ ಮೈಲೇಜು. ನನ್ನ ಮಟ್ಟಿಗೆ ಇವು ಮೂರೂ ಆಮೇಲಿನ ಮಾತು. ಮೊದಲು ಕೇಳಬೇಕಾದ್ದು ಬೇರೆ: ಇದು ನಡುದಾರಿಯಲ್ಲಿ ಕೆಟ್ಟು ನಿಂತರೆ ನಮ್ಮೂರ ಆಸುಪಾಸಿನಲ್ಲಿ ಬಿಚ್ಚಿ ಸರಿ ಮಾಡುವವರು ಇದ್ದಾರೋ ಇಲ್ಲವೋ?

ಈ ಮಾತಿಗೆ ನಾನು ಕೊಡುವ ಉದಾಹರಣೆ ದೂರದ್ದು. ಸ್ಪೇನ್ ದೇಶದ ಹಳ್ಳಿಗಳಲ್ಲಿ 50-60 ವರ್ಷ ಹಳೆಯ ಸ್ಕೂಟರುಗಳು ಇವತ್ತಿಗೂ ಹೊಲಕ್ಕೆ, ಅಂಗಡಿಗೆ ಓಡಾಡುತ್ತವೆ. ಷೋಕಿಗಲ್ಲ, ಕೆಲಸಕ್ಕೆ. ಅವು ಹೇಗೆ ಉಳಿದವು, ಈಗ ಅವಕ್ಕೆ ಏನಾಗುತ್ತಿದೆ ಅಂತ ನೋಡಿದರೆ ನಮಗೂ ಕಲಿಯುವುದು ಬಹಳ ಇದೆ.

ಅದೂ ಒಣಬೇಸಾಯದ ಸೀಮೆಯೇ

ನಮ್ಮ ಗದಗ ಜಿಲ್ಲೆಯ ಗುಡ್ಡಗಳ ಮೇಲೆ ಗಾಳಿಯಂತ್ರ ನಿಂತು ಬಹಳ ವರ್ಷ ಆಯ್ತು. ನನ್ನ ಅಕ್ಕನ ಮಗ ಡಿಪ್ಲೊಮಾ ಮುಗಿಸಿ ಆ ಕೆಲಸಕ್ಕೆ ಸೇರಿದ. ಕಂಪನಿಯವರು ಅವನನ್ನು ಎರಡು ವರ್ಷ ಸ್ಪೇನಿಗೆ ಕಳಿಸಿದ್ದರು. ಅವನಿದ್ದದ್ದು ಪೂರ್ವಭಾಗದ ತೆರುಯೆಲ್ ಅನ್ನೋ ಜಿಲ್ಲೆಯ ಒಂದು ಸಣ್ಣ ಹಳ್ಳಿ. ವಾರಕ್ಕೊಮ್ಮೆ ಫೋನಿನಲ್ಲಿ ಊರು, ಹೊಲ, ದನ-ಕುರಿ ಎಲ್ಲಾ ತೋರಿಸುತ್ತಿದ್ದ. ಬಂದ ಮೇಲೆ ಕೂತು ಕೇಳಿದ್ದು, ಅವನು ಓದಿ ಹೇಳಿದ್ದು ಸೇರಿಸಿ ಬರೀತಾ ಇದ್ದೇನೆ.

ತೆರುಯೆಲ್ ಎತ್ತರದ ಒಣ ಸೀಮೆ. ಮಳೆ ವರ್ಷಕ್ಕೆ 400 ಮಿ.ಮೀ. ಆಸುಪಾಸು, ನಮಗಿಂತ ಕಡಿಮೆ. ಮಳೆ ನಂಬಿದ ಹೊಲಕ್ಕೆ ಅವರು ‘ಸೆಕಾನೊ’ ಅಂತಾರೆ, ನೀರಾವರಿಗೆ ‘ರೆಗಾದಿಯೊ’. ಬಾರ್ಲಿ, ಗೋದಿ ಮುಖ್ಯ ಬೆಳೆ. ಬಹಳ ಕಡೆ ಒಂದು ವರ್ಷ ಬಿತ್ತಿ ಮರುವರ್ಷ ಹೊಲ ಬೀಳು ಬಿಟ್ಟು ಹಸಿ ಉಳಿಸಿಕೊಳ್ಳುತ್ತಾರೆ. ತಗ್ಗಿನ ಕಡೆ ಬಾದಾಮಿ, ಆಲಿವ್ ಮರ. ಗುಡ್ಡದ ಕಡೆ ಕುರಿ. ಚಳಿ ಮಾತ್ರ ನಮಗೆ ಊಹಿಸಲಿಕ್ಕೂ ಆಗದು. ಆ ಜಿಲ್ಲೆಯ ಕಲಮೋಚಾ ಅನ್ನೋ ಊರಿನ ಹತ್ತಿರ 1963ರ ಡಿಸೆಂಬರಿನಲ್ಲಿ ಸೊನ್ನೆಗಿಂತ 30 ಡಿಗ್ರಿ ಕೆಳಗೆ ಇಳಿದಿತ್ತು.

ಇನ್ನೊಂದು ಲೆಕ್ಕ ನೋಡಿ. ವಿಸ್ತೀರ್ಣದಲ್ಲಿ ತೆರುಯೆಲ್ ನಮ್ಮ ಗದಗ ಜಿಲ್ಲೆಯ ಮೂರು ಪಟ್ಟು. ಜನ ಮಾತ್ರ ಒಂದು ಲಕ್ಷ 35 ಸಾವಿರದಷ್ಟು. 2011ರ ಜನಗಣತಿಯಲ್ಲೇ ಗದಗ ಜಿಲ್ಲೆಯಲ್ಲಿ ಹತ್ತೂವರೆ ಲಕ್ಷ ದಾಟಿತ್ತು. ಅಂದರೆ ಚದರ ಕಿಲೋಮೀಟರಿಗೆ ನಮ್ಮಲ್ಲಿ 229 ಮಂದಿ, ಅಲ್ಲಿ ಒಂಬತ್ತು. ಅಳಿಯ ಮೊದಲ ವಾರ ಫೋನ್ ಮಾಡಿದಾಗ ಹೇಳಿದ್ದು ಇದನ್ನೇ: “ಮಾಮಾ, ಇಲ್ಲಿ ಬರೇ ವಯಸ್ಸಾದವರು ಅದಾರ್ರಿ. ನಮ್ಮ ಸಂತಿಯಾಗ ಇರೋವಷ್ಟು ಮಂದಿ ಇಲ್ಲಿ ಇಪ್ಪತ್ತು ಹಳ್ಳಿ ಕೂಡಿಸಿದ್ರೂ ಇಲ್ಲ.”

ದಿನದ ಓಡಾಟ

ಅವನು ಬಾಡಿಗೆಗಿದ್ದ ಮನೆಯ ಯಜಮಾನರಿಗೆ ಎಂಬತ್ತರ ಹತ್ತಿರ ವಯಸ್ಸು. ಅವರ ಮನೆಯಲ್ಲಿ 1967ರಲ್ಲಿ ಕೊಂಡ ಒಂದು ವೆಸ್ಪಾ ಸ್ಕೂಟರು ಇದೆ. ಅದಕ್ಕೆ ಮೊದಲು ಆ ಮನೆಯ ವಾಹನ ಹೇಸರಗತ್ತೆ. ಅದರ ಕೆಲಸವೆಲ್ಲ ಸ್ಕೂಟರಿಗೆ ಬಂತು.

ಬೆಳಿಗ್ಗೆ ಬಿಸಿಲು ಏರುವ ಮುಂಚೆ ಊರ ಹೊರಗಿನ ಕೈತೋಟಕ್ಕೆ ಹೋಗ್ತಾರೆ. ಟೊಮೆಟೊ, ಹುರುಳಿಕಾಯಿ, ಮೆಣಸಿನಕಾಯಿ, ಉಳ್ಳಾಗಡ್ಡಿ ಮನೆ ಪೂರ್ತಿಗೆ ಬೆಳೀತಾರೆ. ಸ್ಕೂಟರಿನ ಹಿಂದೆ ಹಣ್ಣಿನ ಪ್ಲಾಸ್ಟಿಕ್ ಕ್ರೇಟು ರಬ್ಬರ್ ಹಗ್ಗದಿಂದ ಬಿಗಿದಿರುತ್ತದೆ. ಕಾಲಿಡುವ ಜಾಗದಲ್ಲಿ ಗುದ್ದಲಿ, ನೀರಿನ ಕ್ಯಾನು. ಬರುವಾಗ ಆ ಕ್ರೇಟಿನಲ್ಲಿ ಕಾಯಿಪಲ್ಲೆ. ಮಧ್ಯಾಹ್ನ ಊಟ ಆದ ಮೇಲೆ ಊರಿಗೆ ಊರೇ ಬಾಗಿಲು ಹಾಕಿ ಮಲಗುತ್ತದೆ. ಸಂಜೆ ಮತ್ತೆ ಸ್ಕೂಟರು ತೆಗೆದು ಊರ ಬಾರಿಗೆ ಹೋಗಿ ಒಂದು ಕಪ್ ಕಾಫಿ, ಇಸ್ಪೀಟು, ಹರಟೆ. ಬಾರ್ ಅಂದರೆ ಬರೇ ಕುಡುಕರ ಜಾಗ ಅಂತ ತಿಳೀಬೇಡಿ. ನಮ್ಮಲ್ಲಿ ಚಹಾದಂಗಡಿ ಹೇಗೋ ಅಲ್ಲಿ ಬಾರು ಹಾಗೆ. ಅದು ಮುಚ್ಚಿದರೆ ಊರೇ ಮುಚ್ಚಿದ ಹಾಗೆ ಅಂತ ಹಲವು ಹಳ್ಳಿಗಳಲ್ಲಿ ಪಂಚಾಯ್ತಿಯೇ ಕಟ್ಟಡ ಕೊಟ್ಟು, ಕಡಿಮೆ ಬಾಡಿಗೆಗೆ ಯಾರಾದರೂ ನಡೆಸಲಿ ಅಂತ ಕರೆಯುತ್ತದೆ.

ಅಂಗಡಿ ಇಲ್ಲದ ಹಳ್ಳಿಗಳಿಗೆ ಬ್ರೆಡ್ಡಿನವನು, ಮೀನಿನವನು ವ್ಯಾನಿನಲ್ಲಿ ಬಂದು ಹಾರ್ನ್ ಹೊಡೀತಾರೆ. ಔಷಧಿ, ಬ್ಯಾಂಕು, ಡಾಕ್ಟರು ಬೇಕಾದರೆ ದೊಡ್ಡ ಊರಿಗೇ ಹೋಗಬೇಕು. ಬಸ್ಸು ಕಡಿಮೆ. ಹಾಗಾಗಿ ವಯಸ್ಸಾದವರಿಗೆ ಹತ್ತು-ಹದಿನೈದು ಕಿಲೋಮೀಟರ್ ಹೋಗಿಬರಲು ಒಂದು ಸಣ್ಣ ವಾಹನ ಅನ್ನೋದು ಕೈಕಾಲು ಇದ್ದ ಹಾಗೆ. ದೊಡ್ಡ ಸ್ಕೂಟರು ಇಲ್ಲದವರ ಹತ್ತಿರ ‘ವೆಸ್ಪಿನೊ’ ಅನ್ನೋ ಮೊಪೆಡ್ ಇರುತ್ತದೆ. 1968ರಿಂದ ಮಾಡಿದ್ದು, 50 ಸಿ.ಸಿ. ಒಳಗಿನದು. ನಮ್ಮಲ್ಲಿ ಲೂನಾ, ಟಿ.ವಿ.ಎಸ್. ಮೊಪೆಡ್ ಮಾಡಿದ ಕೆಲಸ ಅಲ್ಲಿ ಅದು ಮಾಡಿತು.

ಪೆಟ್ರೋಲು ಎಲ್ಲಿಂದ? ಇಲ್ಲಿ ನಮಗೆ ಗಮನಿಸುವ ಸಂಗತಿ ಇದೆ. ಸ್ಪೇನಿನ ಬಹಳಷ್ಟು ಹಳ್ಳಿಗಳಲ್ಲಿ ರೈತರ ಸಹಕಾರಿ ಸಂಘವೇ ಬಂಕು ನಡೆಸುತ್ತದೆ. ಟ್ರ್ಯಾಕ್ಟರಿಗೆ ತೆರಿಗೆ ಕಡಿಮೆ ಇರುವ ಬಣ್ಣ ಹಾಕಿದ ಡೀಸೆಲ್ ಅಲ್ಲೇ ಸಿಗುತ್ತದೆ, ಸ್ಕೂಟರಿಗೆ ಪೆಟ್ರೋಲೂ ಅಲ್ಲೇ. ಖಾಸಗಿಯವರಿಗೆ ಲಾಭ ಇಲ್ಲದ ಊರಿನಲ್ಲಿ ಬಂಕು ಉಳಿದದ್ದು ಸಂಘದಿಂದ. ಬಂಕು ಇಲ್ಲದೆ ಹೋಗಿದ್ದರೆ ಸ್ಕೂಟರು ಎಂದೋ ಮೂಲೆ ಸೇರುತ್ತಿತ್ತು.

ಬಿಚ್ಚಲು ಬರುವ ಯಂತ್ರ

ಈಗ ಸ್ಕೂಟರಿನ ವಿಷಯ. ವೆಸ್ಪಾ ಹುಟ್ಟಿದ್ದು 1946ರಲ್ಲಿ ಇಟಲಿಯಲ್ಲಿ. ಅದನ್ನು ರೂಪಿಸಿದ ಕೊರಾದೀನೊ ದಾಸ್ಕಾನಿಯೊ ವಿಮಾನ, ಹೆಲಿಕಾಪ್ಟರ್ ಮಾಡುತ್ತಿದ್ದ ಇಂಜಿನಿಯರು. ಅವರಿಗೆ ಮೋಟಾರ್ ಸೈಕಲ್ಲೇ ಇಷ್ಟ ಇರಲಿಲ್ಲ. ಚೈನಿನ ಗ್ರೀಸು ಬಟ್ಟೆಗೆ ಹತ್ತುತ್ತದೆ, ಪಂಚರ್ ಆದರೆ ಗಾಲಿ ಬಿಚ್ಚೋದು ಫಜೀತಿ, ಕಾಲೆತ್ತಿ ಹತ್ತಬೇಕು ಎಂಬುದು ಅವರ ತಕರಾರು. ಆದ್ದರಿಂದ ಅವರು ಚೈನೇ ಇಲ್ಲದ ಹಾಗೆ ಇಂಜಿನನ್ನು ಹಿಂದಿನ ಗಾಲಿಯ ಪಕ್ಕಕ್ಕೆ ಜೋಡಿಸಿದರು. ಗಾಲಿಯನ್ನು ವಿಮಾನದ ಹಾಗೆ ಒಂದೇ ಬದಿಯಿಂದ ಹಿಡಿಸಿದರು. ಮುಂದಿನ ಗಾಲಿ ಹಿಂದಕ್ಕೆ ಬರುತ್ತದೆ, ಹಿಂದಿನದು ಮುಂದಕ್ಕೆ. ನಾಲ್ಕೈದು ನಟ್ಟು ಬಿಚ್ಚಿ ಸ್ಟೆಪ್ನಿ ಹಾಕಿದರೆ ಆಯ್ತು.

ರೇಡಿಯೇಟರ್ ಇಲ್ಲ, ಫ್ಯಾನಿನ ಗಾಳಿಯೇ ಇಂಜಿನ್ ತಂಪು ಮಾಡುತ್ತದೆ. ಟೂ-ಸ್ಟ್ರೋಕ್ ಆದ್ದರಿಂದ ವಾಲ್ವು, ಟೈಮಿಂಗ್ ಚೈನು ಇಲ್ಲ. ಎಣ್ಣೆಯನ್ನು ಪೆಟ್ರೋಲಿನಲ್ಲೇ ಬೆರೆಸಬೇಕು. ಅರವತ್ತರ ದಶಕದ ಮಾದರಿಗಳಿಗೆ ಲೀಟರಿಗೆ 20 ಮಿ.ಲೀ., ಅದಕ್ಕೂ ಹಳೆಯವಕ್ಕೆ ಇನ್ನೂ ಹೆಚ್ಚು. ಆ ಯಜಮಾನರು ಒಂದು ಸಣ್ಣ ಅಳತೆ ಲೋಟ ಸ್ಕೂಟರಿನ ಡಿಕ್ಕಿಯಲ್ಲೇ ಇಟ್ಟಿರುತ್ತಾರೆ. ಜೊತೆಗೆ ಒಂದು ಪ್ಲಗ್ಗು, ಪ್ಲಗ್ ಪಾನಾ, ಕ್ಲಚ್ ವೈರು, ಗೇರ್ ವೈರು, ಪಾಯಿಂಟ್ ಉಜ್ಜಲು ಒಂದು ತುಂಡು ಪಾಲಿಶ್ ಕಾಗದ. ದಾರಿಯಲ್ಲಿ ಬರುವ ಹತ್ತು ತೊಂದರೆಯಲ್ಲಿ ಎಂಟನ್ನು ಇಷ್ಟರಲ್ಲೇ ಸರಿ ಮಾಡಬಹುದು ಅಂತ ಅವರ ಲೆಕ್ಕ.

ಇದನ್ನು ಕೇಳಿದಾಗ ನನಗೆ ಪರದೇಶದ ಮಾತು ಅನ್ನಿಸಲೇ ಇಲ್ಲ. ನನ್ನ 1996ರ ಚೇತಕ್ಕಿನ ಡಿಕ್ಕಿಯಲ್ಲೂ ಇವೇ ಸಾಮಾನು. ಅದಕ್ಕೆ ಕಾರಣವೂ ಇದೆ.

ನಮ್ಮ ಸ್ಕೂಟರಿನ ದಾಯಾದಿ

ಸ್ಪೇನಿನಲ್ಲಿ ವೆಸ್ಪಾ ತಯಾರಾಗಲು ಶುರು ಆದದ್ದು 1953ರಲ್ಲಿ, ಮ್ಯಾಡ್ರಿಡ್ ನಗರದಲ್ಲಿ. ಇಟಲಿಯ ಇನ್ನೊಂದು ಸ್ಕೂಟರು ಲ್ಯಾಂಬ್ರೆಟಾ. ಅದನ್ನು 1954ರಿಂದ ಉತ್ತರದ ಐಬರ್ ಪಟ್ಟಣದಲ್ಲಿ ಮಾಡಿದರು. ಮುಂದೆ ಅದಕ್ಕೆ ‘ಸೆರ್ವೆಟಾ’ ಅಂತ ಹೆಸರಾಗಿ 1989ರವರೆಗೆ ನಡೆಯಿತು. ಸುಮಾರು ಅದೇ ಕಾಲಕ್ಕೆ ಇಲ್ಲಿಯೂ ಇವೇ ಎರಡು ಸ್ಕೂಟರು ಬಂದವು. ಮುಂಬೈಯಲ್ಲಿ ಲ್ಯಾಂಬ್ರೆಟಾ ಜೋಡಿಸಿದರು. ಬಜಾಜ್‌ನವರು 1960ರ ಸುಮಾರಿಗೆ ವೆಸ್ಪಾ ಲೈಸೆನ್ಸ್ ಪಡೆದರು. ಅದು 1971ರಲ್ಲಿ ಮುಗಿಯಿತು, 1972ರಲ್ಲಿ ಅದೇ ಅಚ್ಚಿನ ಮೇಲೆ ಚೇತಕ್ ಬಂತು. ಇಟಲಿಯಲ್ಲಿ ಲ್ಯಾಂಬ್ರೆಟಾ ನಿಂತಾಗ ಅದರ ಯಂತ್ರಗಳನ್ನು ಭಾರತ ಸರ್ಕಾರ ಕೊಂಡು ಲಖನೌದ ಸ್ಕೂಟರ್ಸ್ ಇಂಡಿಯಾಕ್ಕೆ ತಂದಿತು. ‘ವಿಜಯ್ ಸೂಪರ್’ ಓಡಿಸಿದವರಿಗೆ ನೆನಪಿರಬೇಕು. ಅದು ಇದೇ.

ಸ್ಪೇನಿನ ಸ್ಕೂಟರೂ ನಮ್ಮದೂ ಒಂದೇ ಮನೆತನದ್ದು. ಇವತ್ತಿಗೂ ಯುರೋಪಿನ ಹಳೇ ಲ್ಯಾಂಬ್ರೆಟಾ, ವೆಸ್ಪಾಗಳಿಗೆ ಭಾರತದಲ್ಲಿ ಮಾಡಿದ ಬಿಡಿಭಾಗ ಹೋಗುತ್ತವೆ. ನಮ್ಮಲ್ಲಿ ಗುಜರಿಗೆ ಹಾಕಿದ ಹಳೇ ಸ್ಕೂಟರನ್ನೇ ಬಣ್ಣ ಹೊಡೆದು ಅಲ್ಲಿಗೆ ಸಾಗಿಸಿದ ವ್ಯಾಪಾರಿಗಳೂ ಇದ್ದಾರೆ. ನಾವು ಕಿಲೋ ಲೆಕ್ಕದಲ್ಲಿ ತೂಗಿದ್ದನ್ನು ಅವರು ಒಳ್ಳೇ ಬೆಲೆಗೆ ಕೊಂಡರು.

96 ದಿನದ ಲೆಕ್ಕ

ಇಲ್ಲಿಂದ ನನ್ನ ಮುಖ್ಯ ಮಾತು. ಸ್ಕೂಟರು ಗಟ್ಟಿಯಾಗಿದ್ದಕ್ಕೆ ಮಾತ್ರ ಉಳಿಯಲಿಲ್ಲ. ಊರಿನಲ್ಲಿ ರಿಪೇರಿ ಗೊತ್ತಿದ್ದ ಕೈ ಇತ್ತು, ಅಂಗಡಿಯಲ್ಲಿ ವೈರು-ಪ್ಲಗ್ಗು ಇತ್ತು, ಬಂಕಿನಲ್ಲಿ ಪೆಟ್ರೋಲಿತ್ತು. ಈ ಮೂರೂ ಒಂದೊಂದಾಗಿ ಕಳಚುತ್ತಿವೆ.

ಮೊದಲನೆಯದು, ಜನ ಹೋದರು. 1960ರ ದಶಕದಿಂದ ಹಳ್ಳಿಯ ಹುಡುಗರು ಮ್ಯಾಡ್ರಿಡ್, ಬಾರ್ಸಿಲೋನಾ, ಸರಗೋಸಾ ಕಡೆ ಹೋದವರು ತಿರುಗಿ ಬರಲಿಲ್ಲ. ಆ ಹಳ್ಳಿಗಳಿಗೆ ಈಗ ‘ಖಾಲಿ ಮಾಡಿಸಿದ ಸ್ಪೇನ್’ ಅಂತಲೇ ಹೆಸರು ಬಿದ್ದಿದೆ. 2019ರ ಮಾರ್ಚ್ 31ರಂದು ಇಂಥ ಊರಿನವರು ಮ್ಯಾಡ್ರಿಡ್‌ನಲ್ಲಿ ದೊಡ್ಡ ಮೆರವಣಿಗೆ ಮಾಡಿದರು. ಅದೇ ವರ್ಷದ ನವೆಂಬರ್ ಚುನಾವಣೆಯಲ್ಲಿ ‘ತೆರುಯೆಲ್ ಇದೆ’ ಅನ್ನೋ ಅರ್ಥದ ಹೆಸರಿನ ಸಂಘಟನೆ ಒಂದು ಪಾರ್ಲಿಮೆಂಟ್ ಸೀಟು ಗೆದ್ದಿತು. ತಾವಿದ್ದೇವೆ ಅಂತ ಹೇಳಲಿಕ್ಕೇ ಒಂದು ಪಾರ್ಟಿ ಬೇಕಾಯ್ತು ನೋಡಿ! ಅಳಿಯನಿದ್ದ ಊರಿನ ಗ್ಯಾರೇಜಿನವರು ವಯಸ್ಸಾಗಿ ಬಾಗಿಲು ಹಾಕಿದರು. ಕಲಿಯಲು ಹುಡುಗರೇ ಇರಲಿಲ್ಲ. ಈಗ ಸ್ಕೂಟರಿನ ಕ್ರ್ಯಾಂಕು ಕೆಟ್ಟರೆ ವ್ಯಾನಿನಲ್ಲಿ ಹಾಕಿ ನಗರಕ್ಕೆ ಒಯ್ಯಬೇಕು.

ಎರಡನೆಯದು ಕಾನೂನು. ಅಲ್ಲಿ ದ್ವಿಚಕ್ರಿಗೆ ಮೊದಲ ನಾಲ್ಕು ವರ್ಷ ಬಿಟ್ಟು, ಆಮೇಲೆ ಎರಡು ವರ್ಷಕ್ಕೊಮ್ಮೆ ಕಡ್ಡಾಯ ತಪಾಸಣೆ. ಇದು ತಪ್ಪಲ್ಲ. ಬ್ರೇಕು, ದೀಪ ಸರಿ ಇರಬೇಕಾದ್ದೇ. ಟ್ರ್ಯಾಕ್ಟರು, ಮೊಪೆಡ್‌ಗಳಿಗೆ ತಪಾಸಣೆ ಗಾಡಿಯೇ ಹಳ್ಳಿಗೆ ಬರುವ ಏರ್ಪಾಡೂ ಇದೆ. ಇದನ್ನು ನಮ್ಮ ಆರ್.ಟಿ.ಓ. ಆಫೀಸುಗಳೂ ಮಾಡಬಹುದಲ್ಲ? ಆದರೆ 30 ವರ್ಷ ದಾಟಿದ ವಾಹನವನ್ನು ‘ಚಾರಿತ್ರಿಕ’ ಅಂತ ನೋಂದಾಯಿಸಲು 2024ರಲ್ಲಿ ಹೊಸ ನಿಯಮ ಮಾಡಿದರು. ನೋಂದಣಿ ಸುಲಭ ಆಯ್ತು, ಜೊತೆಗೆ ಒಂದು ಕಟ್ಟು: ಅಂಥ ವಾಹನ ವರ್ಷಕ್ಕೆ 96 ದಿನಕ್ಕಿಂತ ಹೆಚ್ಚು ರಸ್ತೆಗಿಳಿಯಬಾರದು.

ಭಾನುವಾರ ಬಿಸಿಲಿಗೆ ಹೊರಡುವ ನಗರದ ಷೋಕಿದಾರರಿಗೆ 96 ದಿನ ಬೇಕಾದಷ್ಟಾಯ್ತು. ದಿನಾ ಕೈತೋಟಕ್ಕೆ ಹೋಗುವವರಿಗೆ ನಾಲ್ಕು ತಿಂಗಳೂ ಬರುವುದಿಲ್ಲ. ಅವರು ಸಾಮಾನ್ಯ ವಾಹನವಾಗಿಯೇ ಇಟ್ಟುಕೊಳ್ಳಬೇಕು. ಇತ್ತ 2021ರ ಹವಾಮಾನ ಕಾಯ್ದೆಯಂತೆ 50 ಸಾವಿರ ಜನ ದಾಟಿದ ಪಟ್ಟಣಗಳು ಹೊಗೆ ಕಡಿಮೆ ಇರುವ ವಲಯ ಗುರುತಿಸಬೇಕು. ಬಾರ್ಸಿಲೋನಾದಲ್ಲಿ ಇದು 2020ರಲ್ಲೇ ಶುರು ಆಗಿತ್ತು. ಹಳೇ ಗಾಡಿಗಳಿಗೆ ಅಂಥ ಹಲವು ಕಡೆ ಪ್ರವೇಶ ಇಲ್ಲ. ‘ಚಾರಿತ್ರಿಕ’ ನಂಬರ್ ಇದ್ದವುಗಳಿಗೆ ಕೆಲವು ಕಡೆ ವಿನಾಯ್ತಿ ಇದೆ! ಅಂದರೆ ಒಂದೇ ಸ್ಕೂಟರು, ಒಂದೇ ಹೊಗೆ. ಪ್ರದರ್ಶನಕ್ಕಾದರೆ ಒಳಗೆ ಬಿಡ್ತಾರೆ, ದುಡಿಯುವುದಕ್ಕಾದರೆ ಬಿಡೋದಿಲ್ಲ.

ನಗರದ ಗಾಳಿ ಶುದ್ಧ ಇರಲಿ ಅನ್ನುವುದಕ್ಕೆ ನನ್ನ ವಿರೋಧವಿಲ್ಲ. ಆದರೆ ಒಂದು ವಸ್ತು ಪ್ರದರ್ಶನದ ಸಾಮಾನಾದ ಮೇಲೆ ಅದರ ಬಿಡಿಭಾಗವೂ ಷೋಕಿಯ ಬೆಲೆಗೆ ಏರುತ್ತದೆ. ದಿನಬಳಕೆಯವರು ತಾನಾಗಿಯೇ ಹೊರಗೆ ಬೀಳುತ್ತಾರೆ. ಸ್ಪೇನಿನಲ್ಲಿ ಹಳೇ ಸ್ಕೂಟರಿಗೆ ಈಗ ಒಳ್ಳೇ ಬೆಲೆ ಇದೆ. ಅದನ್ನು ಕೊಳ್ಳುವವರು ನಗರದವರು.

ದೋಷವೂ ಇದೆ

ಹಳೇದೆಲ್ಲ ಬಂಗಾರ ಅಂತ ನಾನು ಹೇಳುತ್ತಿಲ್ಲ. ಟೂ-ಸ್ಟ್ರೋಕ್ ಇಂಜಿನು ಹೊಗೆ ಬಿಡುತ್ತದೆ, ಸುಡದ ಪೆಟ್ರೋಲನ್ನೇ ಹೊರಗೆ ಉಗುಳುತ್ತದೆ. ಮುಂದಿನ ಬ್ರೇಕು ಹೆಸರಿಗೆ ಮಾತ್ರ. ಆರು ವೋಲ್ಟಿನ ದೀಪ ಕತ್ತಲೆಯಲ್ಲಿ ಸಾಲದು. ಸಣ್ಣ ಗಾಲಿ ಕಲ್ಲು ದಾರಿಯಲ್ಲಿ ಜಾರುತ್ತದೆ. ಆ ಯಜಮಾನರು ಕತ್ತಲಾದ ಮೇಲೆ, ಮಂಜು ಬಿದ್ದಾಗ ಸ್ಕೂಟರು ತೆಗೆಯೋದೇ ಇಲ್ಲವಂತೆ. ಹೊಸ ವಾಹನ ಇವೆಲ್ಲದರಲ್ಲಿ ಉತ್ತಮ. ನಾನು ಕೇಳುವುದು ಇಷ್ಟೇ: ಹೊಸದರಲ್ಲಿ ಆ ಹಳೇ ಗುಣ ಒಂದು, ಊರಲ್ಲೇ ರಿಪೇರಿ ಆಗುವ ಗುಣ, ಯಾಕೆ ಇರಬಾರದು?

ನಮ್ಮೂರಲ್ಲಿ ಒಬ್ಬರು ಬ್ಯಾಟರಿ ಸ್ಕೂಟರು ಕೊಂಡರು. ಕಂಪನಿ ಹೆಸರು ಬೇಡ. ಮಳೆಗಾಲದಲ್ಲಿ ಒಂದು ದಿನ ಪರದೆ ಮೇಲೆ ಏನೋ ಕೆಂಪು ಅಕ್ಷರ ಬಂದು ನಿಂತಿತು. ಊರ ಮಿಸ್ತ್ರಿ ಬಿಚ್ಚುವ ಹಾಗಿಲ್ಲ, ಬಿಚ್ಚಿದರೆ ಗ್ಯಾರಂಟಿ ಹೋಗುತ್ತದೆ. ಹುಬ್ಬಳ್ಳಿಯಿಂದ ಲ್ಯಾಪ್‌ಟಾಪ್ ಹಿಡಿದ ಹುಡುಗ ಬರುವ ತನಕ ಒಂಬತ್ತು ದಿನ ಅದು ಕಟ್ಟೆಯ ಮೇಲೆ ನಿಂತಿತ್ತು. ಸ್ಕೂಟರಾದರೆ ನಡೆದೇ ಹೋಗಬಹುದು. ಬಿತ್ತನೆ ಹದ ಬಂದಾಗ ಟ್ರ್ಯಾಕ್ಟರೋ ಕೂರಿಗೆ ಯಂತ್ರವೋ ಹೀಗೆ ನಿಂತರೆ? ಎರೆ ಹೊಲದ ಹದ ಒಂಬತ್ತು ದಿನ ಕಾಯುತ್ತದಾ?

ನಾವು ಮಾಡಬಹುದಾದ್ದು

ಸ್ಪೇನಿನ ಹಳ್ಳಿಗೆ ಕಳೆದುಹೋದದ್ದು ನಮ್ಮಲ್ಲಿ ಇನ್ನೂ ಇದೆ. ಹೋಬಳಿ ಊರುಗಳಲ್ಲಿ ಗ್ಯಾರೇಜಿದೆ, ವೆಲ್ಡಿಂಗ್ ಅಂಗಡಿ ಇದೆ, ಪಾನಾ ಹಿಡಿಯುವ ಹುಡುಗರು ಇದ್ದಾರೆ. ಆದರೆ ಅವರೂ ನಗರದ ಕಡೆ ಮುಖ ಮಾಡಿದ್ದಾರೆ. ಕೈಗೆ ಕೆಲಸ ಇದ್ದರೆ ನಿಲ್ಲುತ್ತಾರೆ, ಇಲ್ಲದಿದ್ದರೆ ಹೋಗುತ್ತಾರೆ. ಅದಕ್ಕೆ ನನಗೆ ತೋಚಿದ್ದು ಕೆಲವು:

ಒಂದು, ಯಂತ್ರ ಕೊಳ್ಳುವ ಮುಂಚೆ ಬಿಡಿಭಾಗ ಎಲ್ಲಿ ಸಿಗುತ್ತದೆ, ಊರ ಮಿಸ್ತ್ರಿ ಬಿಚ್ಚಬಹುದಾ ಅಂತ ಡೀಲರನ್ನು ಎದುರಿಗೇ ಕೇಳಿ. ಹತ್ತು ಮಂದಿ ಕೇಳಿದರೆ ಹನ್ನೊಂದನೆಯವನಿಗೆ ಅವರೇ ಹೇಳಲು ಶುರು ಮಾಡ್ತಾರೆ.

ಎರಡು, ಕೇಂದ್ರ ಸರ್ಕಾರ 2022ರಲ್ಲಿ ‘ರಿಪೇರಿ ಹಕ್ಕು’ ಅಂತ ಒಂದು ಸಮಿತಿ ಮಾಡಿತು. ಅದರ ಪಟ್ಟಿಯಲ್ಲಿ ಮೊಬೈಲು, ವಾಹನದ ಜೊತೆ ಕೃಷಿ ಯಂತ್ರಗಳೂ ಇವೆ. ರಿಪೇರಿ ಪುಸ್ತಕ, ಬಿಡಿಭಾಗ ಹೊರಗಿನ ಮಿಸ್ತ್ರಿಗೂ ಸಿಗಬೇಕು ಅನ್ನೋದು ಅದರ ಆಶಯ. ನಮ್ಮ ರೈತ ಸಂಘಟನೆಗಳು ಬೆಲೆಯ ಜೊತೆ ಇದನ್ನೂ ಕೇಳಬೇಕು.

ಮೂರು, ಸಹಕಾರಿ ಸಂಘಗಳು ಬೀಜ-ಗೊಬ್ಬರದ ಜೊತೆ ಒಂದು ಕಪಾಟು ಬಿಡಿಭಾಗಕ್ಕೂ ಇಡಲಿ. ಬೆಲ್ಟು, ಬೇರಿಂಗು, ಪ್ಲಗ್ಗು, ವೈರು ಸಾಕು. ಸ್ಪೇನಿನ ಸಂಘಗಳು ಬಂಕು ನಡೆಸುವುದಾದರೆ ನಮಗೆ ಒಂದು ಕಪಾಟು ಕಷ್ಟವೇ?

ನಾಲ್ಕು, ಮನೆಯಲ್ಲಿ ಹಳೇ ಸ್ಕೂಟರಿದ್ದವರು ಅವಸರದಲ್ಲಿ ಗುಜರಿಗೆ ಹಾಕಬೇಡಿ. 15 ವರ್ಷ ದಾಟಿದ್ದಕ್ಕೆ ಐದು ವರ್ಷಕ್ಕೊಮ್ಮೆ ಆರ್.ಸಿ. ನವೀಕರಣ ಮಾಡಿಸಬೇಕು. ದ್ವಿಚಕ್ರಿಗೆ ಇದರ ಶುಲ್ಕ 2022ರ ಏಪ್ರಿಲಿನಿಂದ ಸಾವಿರ ರೂಪಾಯಿ ಆಯ್ತು. 20 ವರ್ಷ ದಾಟಿದ್ದಕ್ಕೆ 2025ರಲ್ಲಿ ಎರಡು ಸಾವಿರಕ್ಕೆ ಏರಿಸಿದರು. ಭಾರ ಹೌದು, ಆದರೆ ಹೊಸ ಸ್ಕೂಟರಿನ ಒಂದು ಕಂತಿಗಿಂತ ಹೆಚ್ಚಲ್ಲ. ಪೆಟ್ರೋಲಿನಲ್ಲಿ ಈಗ ನೂರಕ್ಕೆ 20 ಪಾಲು ಎಥೆನಾಲ್ ಇರುವುದರಿಂದ ಹಳೇ ರಬ್ಬರ್ ಪೈಪು, ವಾಶರು ಬೇಗ ಹಾಳಾಗುತ್ತವೆ. ಅದು ನೀರನ್ನೂ ಹೀರುತ್ತದೆ. ಪೈಪು ಬದಲಿಸಿ. ವಾರಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕಿನಲ್ಲಿ ಪೆಟ್ರೋಲು ಉಳಿಸಬೇಡಿ, ಕಾಕ್ ಬಂದ್ ಮಾಡಿ ಕಾರ್ಬೊರೇಟರ್ ಖಾಲಿ ಆಗುವವರೆಗೆ ಓಡಿಸಿ ನಿಲ್ಲಿಸಿ.

ಐದು, ಎಲ್ಲಕ್ಕಿಂತ ಮುಖ್ಯ, ಊರ ಮಿಸ್ತ್ರಿಯ ಕೂಲಿಗೆ ಚೌಕಾಸಿ ಮಾಡಬೇಡಿ. ನಗರದ ಷೋರೂಮಿನಲ್ಲಿ ಬಿಲ್ಲು ಕೊಟ್ಟಷ್ಟು ಸುಮ್ಮನೆ ಕೊಟ್ಟು ಬರುವ ನಾವು, ಊರ ಹುಡುಗ ಐವತ್ತು ರೂಪಾಯಿ ಹೆಚ್ಚು ಕೇಳಿದರೆ ಜಗಳಕ್ಕೆ ನಿಲ್ಲುತ್ತೇವೆ. ಅವನು ಬಾಗಿಲು ಹಾಕಿದ ದಿನ ಆ ಐವತ್ತರ ಬೆಲೆ ಗೊತ್ತಾಗುತ್ತದೆ. ತೆರುಯೆಲ್ ಹಳ್ಳಿಗಳವರಿಗೆ ಈಗಾಗಲೇ ಗೊತ್ತಾಗಿದೆ.

ನಿಮ್ಮ ಊರಿನಲ್ಲಿ 25-30 ವರ್ಷ ಹಳೆಯ ಸ್ಕೂಟರು, ಪಂಪು, ಟ್ರ್ಯಾಕ್ಟರು ಯಾವುದಾದರೂ ಇವತ್ತಿಗೂ ದುಡಿಯುತ್ತಿದ್ದರೆ, ಅದನ್ನು ಯಾರು ರಿಪೇರಿ ಮಾಡುತ್ತಾರೆ, ಬಿಡಿಭಾಗ ಎಲ್ಲಿಂದ ತರುತ್ತಾರೆ ಅಂತ ಪತ್ರಿಕೆಗೆ ನಾಲ್ಕು ಸಾಲು ಬರೆಯಿರಿ. ಬೇರೆ ಊರಿನವರಿಗೆ ಆ ವಿಳಾಸವೇ ಉಪಕಾರ.